ಒಟಿಟಿಯಲ್ಲಿ ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳುವುದು ಹೇಗೆ: ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಅಶೋಕ ಟಾಕೀಸಿನಲ್ಲಿ ಸೆಕೆಂಡ್ ಶೋ ಬಿಟ್ಟರೆ ಹೊರಗೆ ಬಂದವರೆಲ್ಲ ಒಂದೇ ಸಿನಿಮಾ ನೋಡಿದವರು. ಗಾಡಿ ಹತ್ತಿರ ನಿಂತು ಖಾರ ಮಂಡಕ್ಕಿ ಪೊಟ್ಟಣ ಕೈಗೆ ಬರುವಷ್ಟರಲ್ಲಿ ಮಾತು ಶುರುವಾಗುತ್ತಿತ್ತು. "ಹೆಂಗಿತ್ತಲೇ ಪಿಚ್ಚರ್?" ಅಂದರೆ "ಚೆನ್ನಾಗಿತ್ತು" ಎಂದು ಯಾರೂ ಸುಮ್ಮನಾಗುತ್ತಿರಲಿಲ್ಲ. "ಬಸ್‌ಸ್ಟ್ಯಾಂಡಿನಾಗೆ ಅಪ್ಪ ಬ್ಯಾಗ್ ಕೊಟ್ಟು ಹಿಂದಕ್ಕೆ ನೋಡದಂಗೆ ಹೋಗ್ತಾನಲ್ಲ, ಅಲ್ಲಿ ನಂಗೆ ಗಂಟಲು ಕಟ್ತು" ಅನ್ನುತ್ತಿದ್ದರು. ಪಕ್ಕದವನು ಒಪ್ಪುತ್ತಿರಲಿಲ್ಲ. ಮೆಣಸಿನಕಾಯಿ ಆರಿಹೋದರೂ ವಾದ ಮುಗಿಯುತ್ತಿರಲಿಲ್ಲ.

ಅದೇ ಜನ ಈಗ ವಿದ್ಯಾನಗರ, ನಿಟುವಳ್ಳಿ, ಪಿ.ಜೆ. ಬಡಾವಣೆಯ ತಂತಮ್ಮ ಮನೆಗಳಲ್ಲಿ ಕೂತು ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಸಿನಿಮಾ, ಸರಣಿ ತೋರಿಸುವ ಆಪ್‌ಗಳಲ್ಲಿ ನೋಡುತ್ತಾರೆ. ಒಬ್ಬರು ಬಿಡುಗಡೆಯಾದ ರಾತ್ರಿಯೇ ಮುಗಿಸುತ್ತಾರೆ, ಇನ್ನೊಬ್ಬರು ಮಗನ ಪರೀಕ್ಷೆ ಕಳೆದ ಮೇಲೆ ಶುರು ಮಾಡುತ್ತಾರೆ. ಮಾತಾಡಲು ಸಿಕ್ಕಿದ್ದು ವಾಟ್ಸ್ಆಪ್ ಗುಂಪು, ನಕ್ಷತ್ರದ ಗುರುತು, ಹೆಬ್ಬೆಟ್ಟು. ಅಲ್ಲಿ "ಸೂಪರ್", "ವೇಸ್ಟ್", "ಒಂದ್ಸಲ ನೋಡಬಹುದು" ಎಂಬ ಮೂರೇ ಮಾತು ಓಡಾಡುತ್ತವೆ. ನಮ್ಮ ಓಣಿಯ ಏಳೆಂಟು ಮನೆಯವರು ಸೇರಿ ಗುಂಪು ಕಟ್ಟಿಕೊಂಡು ನಾಲ್ಕು ವರ್ಷವಾಯಿತು. ಆ ಮೂರು ಮಾತು ದಾಟಿ, ಮಂಡಕ್ಕಿ ಗಾಡಿಯ ಹತ್ತಿರ ಆಡುತ್ತಿದ್ದಂಥ ಮಾತಿಗೆ ಹೇಗೆ ಮರಳಿದೆವು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೋಡುವುದಕ್ಕೆ ಮುಂಚಿನ ಐದು ನಿಮಿಷ

ಮೊದಲು ಆಡಿಯೊ ಭಾಷೆ ನೋಡಿಕೊಳ್ಳಿ. ಒಟಿಟಿಯಲ್ಲಿ ಒಂದೇ ಸಿನಿಮಾ ನಾಲ್ಕೈದು ಭಾಷೆಯಲ್ಲಿ ಇರುತ್ತದೆ, ಹಿಂದಿನ ಸಲ ಯಾವುದರಲ್ಲಿ ನೋಡಿದಿರೋ ಅದರಲ್ಲೇ ಶುರುವಾಗುವುದೂ ಉಂಟು. ಮಲಯಾಳಂ ಚಿತ್ರವನ್ನು ಹಿಂದಿ ಡಬ್‌ನಲ್ಲಿ ನೋಡಿ "ನಟನೆ ಸಪ್ಪೆ" ಎಂದರೆ, ನೀವು ಕೇಳಿದ ಧ್ವನಿ ಆ ನಟನದ್ದಲ್ಲ. ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡಿದೆ: ಅಭಿಪ್ರಾಯದ ಮೊದಲ ಸಾಲಿನಲ್ಲೇ ಯಾವ ಭಾಷೆಯಲ್ಲಿ ನೋಡಿದೆವು ಎಂದು ಬರೆಯಬೇಕು. "ತಮಿಳು ಮೂಲ, ಕನ್ನಡ ಡಬ್‌ನಲ್ಲಿ ನೋಡಿದೆ" ಅಂದರೆ ಸಾಕು.

ಕನ್ನಡ ಡಬ್ಬಿಂಗ್ ಬಗ್ಗೆ ನಾವು ಹೇಳಬೇಕಾದದ್ದು ಬೇಕಾದಷ್ಟಿದೆ. ದಶಕಗಳ ಕಾಲ ನಮ್ಮಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. ಹಾಗೆ ತಡೆಯುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಆದೇಶಿಸಿದ್ದು 2015ರಲ್ಲಿ. ಹಾಗಾಗಿ ಬೇರೆ ಭಾಷೆಯವರಿಗೆ ಎಂದೋ ರೂಢಿಯಾದ ಈ ಕಸುಬು ನಮ್ಮಲ್ಲಿ ಇನ್ನೂ ಎಳೆಯದು. ಯಾವ ಸಂಭಾಷಣೆ ಕನ್ನಡದ ಬಾಯಿಗೆ ಹೊಂದಿತು, ಯಾವುದು ಪದಕ್ಕೆ ಪದ ಇಟ್ಟಂತೆ ಕೇಳಿಸಿತು ಎಂದು ನೋಡುಗರು ಬಿಡಿಸಿ ಹೇಳಿದರೆ ಮಾತ್ರ ಅದು ಬಲಿಯುತ್ತದೆ. "ಡಬ್ಬಿಂಗ್ ಚೆನ್ನಾಗಿಲ್ಲ" ಎಂದು ಬರೆಯುವ ಬದಲು ಒಂದು ಸಾಲು ಎತ್ತಿ ತೋರಿಸಿ, ನಿಮ್ಮ ಮನೆಯಲ್ಲಾದರೆ ಆ ಮಾತನ್ನು ಹೇಗೆ ಆಡುತ್ತಿದ್ದರು ಎಂದೂ ಬರೆಯಿರಿ.

ಪ್ರೊಫೈಲ್ ಬೇರೆ ಮಾಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಖಾತೆಗೆ ಐದು ಪ್ರೊಫೈಲ್ ಮಾಡಬಹುದು. ಅಪ್ಪ, ಮೊಮ್ಮಗ, ನೀವು ಮೂವರೂ ಒಂದರಲ್ಲೇ ನೋಡಿದರೆ ಯಾರ ಇಷ್ಟ ಯಾರದ್ದೆಂದು ಆ ಯಂತ್ರಕ್ಕೆ ತಿಳಿಯುವುದಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಅಭ್ಯಾಸವಿದ್ದರೆ, ಅಭಿಪ್ರಾಯ ಹೇಳಬೇಕೆಂದಿರುವ ಸಿನಿಮಾಗಾದರೂ ಅದನ್ನು ಬಿಡಿ. ನಿರ್ದೇಶಕರು ಮೌನಕ್ಕೆ ಕೊಟ್ಟ ಸಮಯವನ್ನು ನಾವು ಕತ್ತರಿಸಿ, ಆಮೇಲೆ "ಭಾವನೆ ತಟ್ಟಲಿಲ್ಲ" ಎನ್ನುವುದು ನ್ಯಾಯವಲ್ಲ.

ಎರಡನೆಯ ಹೆಜ್ಜೆ: ನೋಡುವಾಗ ಗುರುತು ಹಾಕಿಕೊಳ್ಳುವುದು

ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇರಲಿ. ಮೊಬೈಲ್ ಬೇಡ, ಅದನ್ನು ಕೈಗೆತ್ತಿಕೊಂಡರೆ ಇನ್ನೇನೋ ನೋಡುತ್ತ ಕೂರುತ್ತೇವೆ. ಮನಸ್ಸಿಗೆ ಏನಾದರೂ ತಟ್ಟಿದಾಗ ಪರದೆಯ ಕೆಳಗೆ ಕಾಣುವ ಸಮಯ ಬರೆದು, ಪಕ್ಕದಲ್ಲಿ ಎರಡು ಪದ ಗೀಚಿ. "42, ಬಾಗಿಲು." "1-10, ಅಮ್ಮನ ಕೈ." ಮೂರು ಗಂಟೆಗೆ ಐದಾರು ಗುರುತಾದರೆ ಹೆಚ್ಚಾಯಿತು. ಎಷ್ಟು ಹೊತ್ತಿಗೆ ಬೇಸರ ಶುರುವಾಯಿತು ಎಂಬುದನ್ನೂ ಬರೆದುಕೊಳ್ಳಿ. "ಸಿನಿಮಾ ಬೋರು" ಎನ್ನುವುದಕ್ಕೂ "ಮೊದಲ ಐವತ್ತು ನಿಮಿಷ ಕೂರಿಸಿತು, ಊರಿಗೆ ಹೋದ ಮೇಲೆ ಕಥೆ ನಿಂತುಹೋಯಿತು" ಎನ್ನುವುದಕ್ಕೂ ಬಹಳ ದೂರ. ಎರಡನೆಯದನ್ನು ಓದಿದವರು ಐವತ್ತು ನಿಮಿಷವನ್ನಾದರೂ ನೋಡುತ್ತಾರೆ.

ಮುಗಿದ ಕೂಡಲೇ ಬರೆಯಬೇಡಿ, ಒಂದು ರಾತ್ರಿ ಮಲಗಿ ಏಳಿ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಣ್ಣ ಮುಂದೆ ಯಾವ ದೃಶ್ಯ ಬರುತ್ತದೋ ಅಲ್ಲಿಂದಲೇ ಬರೆಯಲು ಶುರು ಮಾಡಿ.

ಮೂರನೆಯ ಹೆಜ್ಜೆ: ನಿಮಗೆ ಮಾತ್ರ ಗೊತ್ತಿರುವುದನ್ನು ಹೇಳಿ

ಈ ಮಾರ್ಗದರ್ಶಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಹೆಜ್ಜೆ.

ಕಥೆಯ ಸಾರಾಂಶ ಎಲ್ಲ ಕಡೆ ಸಿಗುತ್ತದೆ. ಕ್ಯಾಮೆರಾ, ಸಂಕಲನ, ಹಿನ್ನೆಲೆ ಸಂಗೀತದ ಬಗ್ಗೆ ಪತ್ರಿಕೆಯವರು ಬರೆಯುತ್ತಾರೆ. ನೀವು ಎಲ್ಲಿ ಕೂತು ನೋಡಿದಿರೋ ಅಲ್ಲಿಂದ ಕಂಡದ್ದನ್ನು ಮಾತ್ರ ನಿಮ್ಮ ಬದಲು ಬೇರೆಯವರು ಹೇಳಲಾರರು. ಒಂದು ಸರಣಿಯಲ್ಲಿ ಹಳ್ಳಿಮನೆಯ ಹೆಂಗಸು ಜೋಳದ ಹಿಟ್ಟು ನಾದುವ ದೃಶ್ಯವಿತ್ತು. ನಾವೆಲ್ಲ ಅಲ್ಲಿನ ಮಾತಿನ ಕಡೆ ಕಿವಿ ಕೊಟ್ಟಿದ್ದೆವು. ಅಮ್ಮ ಮಾತ್ರ ಅವಳ ಕೈ ನೋಡುತ್ತಿದ್ದರು. "ತಣ್ಣೀರು ಹಾಕ್ಕೊಂಡು ನಾದ್ತಾಳಲ್ಲ, ತಟ್ಟಕ್ಕೆ ಹೋದ್ರೆ ರೊಟ್ಟಿ ಹರಿಯಲ್ವೇನು? ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ" ಅಂದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಕುದಿಯುವ ನೀರು ಹಾಕಿದರೇ ಹಿಟ್ಟು ಜಿಗುಟು ಬಂದು ತಟ್ಟಲು ಒದಗುವುದು. ಆ ಪಾತ್ರ ನಲವತ್ತು ವರ್ಷದಿಂದ ಒಲೆ ಮುಂದೆ ಕೂತವಳೆಂದು ಕಥೆ ಹೇಳುತ್ತದೆ, ಕೈ ಬೇರೆಯೇ ಹೇಳುತ್ತದೆ. ಆ ವಾರ ನಮ್ಮ ಗುಂಪಿನಲ್ಲಿ ಬಂದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ.

ಇನ್ನೊಂದು ಉದಾಹರಣೆ ಚಿತ್ರದುರ್ಗದ್ದು. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬರುವ ಹಾಡಿನ ಭಾಗ ಎಲ್ಲರಿಗೂ ಗೊತ್ತು. ಬೆಂಗಳೂರಿನವರಿಗೆ ಅದು ವೀರಾವೇಶದ ದೃಶ್ಯ. ದುರ್ಗದವರು ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿದವರು. ಅದು ಬಂಡೆಗಳ ನಡುವಿನ ಇಕ್ಕಟ್ಟು ಸಂದು, ಒಬ್ಬರ ಹಿಂದೆ ಒಬ್ಬರು ಮೈ ಬಗ್ಗಿಸಿ ನುಸುಳಬೇಕು. ಒಂದು ಒನಕೆ ಹಿಡಿದ ಒಬ್ಬಳೇ ಹೆಂಗಸು ಹೈದರಾಲಿಯ ಸೈನಿಕರನ್ನು ಹೇಗೆ ತಡೆದಳು ಎಂಬ ಪ್ರಶ್ನೆಗೆ ಆ ಕಿಂಡಿಯೇ ಉತ್ತರ: ತಲೆ ಒಂದೊಂದಾಗಿಯೇ ಹೊರಗೆ ಬರಬೇಕಿತ್ತು. ಈ ಮಾತನ್ನು ದುರ್ಗದ ನೋಡುಗರೊಬ್ಬರು ಎರಡು ಸಾಲಿನಲ್ಲಿ ಬರೆದರೆ, ಓದಿದವರು ಆ ದೃಶ್ಯವನ್ನು ಮತ್ತೆ ಹಾಕಿ ನೋಡುತ್ತಾರೆ.

ಅದೇ ಚಿತ್ರದ ಬಗ್ಗೆ ಕಾದಂಬರಿಕಾರ ತ.ರಾ.ಸು. ಅವರು "ನಾಗರಹಾವನ್ನು ಕೇರೆಹಾವು ಮಾಡಿದರು" ಎಂದರಂತೆ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಒಂದೇ ಸಾಲಿನ ತೀರ್ಪು ಅದು. ಅವರ ಬಾಯಲ್ಲಿ ಅದಕ್ಕೆ ಬೆಲೆ ಬಂದದ್ದು, ಚಿತ್ರದ ನಾಯಕ ರಾಮಾಚಾರಿಯನ್ನು ಮೂರು ಕಾದಂಬರಿಗಳಲ್ಲಿ ಬೆಳೆಸಿದವರು ಅವರೇ ಆದ್ದರಿಂದ. ವಿಷ ಹೋಯಿತು ಎಂದರೆ ಯಾವ ವಿಷ ಎಂದು ಕಾದಂಬರಿ ಓದಿದವರಿಗೆ ಗೊತ್ತಾಗುತ್ತದೆ. ನಾವು ಅಂಥದ್ದೇ ಒಂದು ಸಾಲು ಬರೆಯುವುದಾದರೆ, ಅದರ ಹಿಂದಿನ ಕಾರಣವನ್ನೂ ನಾವೇ ಕೊಡಬೇಕು.

ಮಾತಿನ ಧಾಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆಯ ಕನ್ನಡ ಅತ್ತ ಧಾರವಾಡದ್ದೂ ಅಲ್ಲ, ಇತ್ತ ಮೈಸೂರಿನದ್ದೂ ಅಲ್ಲ. ಪರದೆಯ ಮೇಲೆ ಮಾತ್ರ ತುಂಗಭದ್ರೆಯ ಸುತ್ತಮುತ್ತಲಿನ ಪಾತ್ರಗಳೆಲ್ಲ ಒಂದೇ ರಾಗದಲ್ಲಿ ಮಾತಾಡುತ್ತವೆ. ಇದು ತಪ್ಪೆಂದು ಗೊತ್ತಾಗುವುದು ನಮ್ಮ ಕಿವಿಗೆ, ಬರೆಯಬೇಕಾದವರೂ ನಾವೇ. ಅಪರೂಪಕ್ಕೆ ಒಬ್ಬ ನಟ ನಮ್ಮೂರ ಮಾತನ್ನು ಸರಿಯಾಗಿ ಆಡಿದರೆ ಅದನ್ನೂ ಅಷ್ಟೇ ಜೋರಾಗಿ ಹೇಳಿ.

ನಾಲ್ಕನೆಯ ಹೆಜ್ಜೆ: ಗುಟ್ಟು ಬಿಡದೆ ಹೇಳುವುದು

ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪು ಇನ್ನೂ ಮನಸ್ಸಿನಲ್ಲಿದೆ. ಒಂದು ಕೊಲೆ ರಹಸ್ಯದ ಸರಣಿ ಮುಗಿಸಿ ಗುಂಪಿಗೆ ಉದ್ದಕ್ಕೆ ಬರೆದೆ. ಕೊಲೆಗಾರ ಯಾರೆಂದು ಮೊದಲ ಸಾಲಿನಲ್ಲಿತ್ತು, "ನೋಡದವರು ಓದಬೇಡಿ" ಎಂಬುದು ಎರಡನೆಯ ಸಾಲಿನಲ್ಲಿತ್ತು. ಎದುರು ಮನೆಯವರು ಆ ಸಂದೇಶವನ್ನು ತೆರೆದಿರಲೇ ಇಲ್ಲ. ಲಾಕ್ ಆದ ಮೊಬೈಲಿನ ಮೇಲೆ ಮೊದಲ ಸಾಲು ತಾನಾಗಿ ಕಾಣಿಸಿತು. ಊರಿಂದ ಯಜಮಾನರು ಭಾನುವಾರ ಬಂದ ಮೇಲೆ ಇಬ್ಬರೂ ಕೂತು ನೋಡೋಣವೆಂದು ಕೊನೆಯ ಎರಡು ಕಂತನ್ನು ಅವರು ಹತ್ತು ದಿನದಿಂದ ಉಳಿಸಿಕೊಂಡಿದ್ದರು. "ಪರವಾಗಿಲ್ಲ ಬಿಡಿ" ಅಂದರು. ಆ ಎರಡು ಕಂತನ್ನು ಅವರು ನೋಡಲೇ ಇಲ್ಲ.

ಆದ್ದರಿಂದ ಎಚ್ಚರಿಕೆ ಮೊದಲ ಸಾಲಿಗೆ ಬರಲಿ: ಸರಣಿಯ ಹೆಸರು, ಎಷ್ಟನೆಯ ಕಂತಿನವರೆಗೆ ಎಂಬ ವಿವರ, ಅಷ್ಟೇ. "ಆರನೆಯ ಕಂತು ನೋಡಿದವರಿಗೆ ಮಾತ್ರ." ಅದರ ಕೆಳಗೆ ಏಳೆಂಟು ಸಾಲು ಬರೀ ಚುಕ್ಕಿ ಇಡಿ, ಆಮೇಲೆ ವಿಷಯ. ಧ್ವನಿ ಸಂದೇಶ ಇದಕ್ಕಿಂತ ಭದ್ರ, ಒತ್ತದ ಹೊರತು ಕೇಳಿಸುವುದಿಲ್ಲ. ಟೆಲಿಗ್ರಾಮ್‌ನಲ್ಲಿ ಬೇಕಾದ ಪದಗಳನ್ನು ಆರಿಸಿ ಮಸುಕು ಮಾಡುವ ಸೌಲಭ್ಯವಿದೆ. ನೋಡುಗರು ಸಿನಿಮಾಕ್ಕೆ ಅಂಕ ಕೊಟ್ಟು ಅಭಿಪ್ರಾಯ ಬರೆಯುವ ಜಾಲತಾಣಗಳಾದ ಐಎಂಡಿಬಿ ಮತ್ತು ಲೆಟರ್‌ಬಾಕ್ಸ್‌ಡ್‌ನಲ್ಲಿ ಬರೆಯುವಾಗ ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಇದೆಯೆಂದು ಗುರುತಿಸುವ ಆಯ್ಕೆ ಇರುತ್ತದೆ, ಅದನ್ನು ಮರೆಯದೆ ಒತ್ತಿ.

"ಕೊನೆಗೆ ಒಂದು ಟ್ವಿಸ್ಟ್ ಇದೆ, ಏನಂತ ಹೇಳಲ್ಲ" ಎನ್ನುವುದೂ ಗುಟ್ಟು ಬಿಟ್ಟಂತೆಯೇ. ಅದನ್ನು ಕೇಳಿದವರು ಸಿನಿಮಾ ಉದ್ದಕ್ಕೂ ಆ ತಿರುವನ್ನೇ ಹುಡುಕುತ್ತ ಕೂರುತ್ತಾರೆ. ಹಳೆಯ ಸಿನಿಮಾಕ್ಕೂ ಈ ನಿಯಮ ಅನ್ವಯಿಸುತ್ತದೆಯೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಹದಿನಾರು ವರ್ಷದ ಹುಡುಗಿಗೆ 1972ರ ಚಿತ್ರವೂ ಹೊಸದೇ ಎಂದು ಒಪ್ಪಿಕೊಂಡೆವು.

ಐದನೆಯ ಹೆಜ್ಜೆ: ಅಂಕ ಕೊಡುವ ಮುನ್ನ ಆ ಅಂಕ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಿರಿ

ನೆಟ್‌ಫ್ಲಿಕ್ಸ್ 2017ರಲ್ಲಿ ಐದು ನಕ್ಷತ್ರ ತೆಗೆದು ಹೆಬ್ಬೆಟ್ಟು ತಂದಿತು, 2022ರಲ್ಲಿ "ತುಂಬಾ ಇಷ್ಟ" ಎನ್ನಲು ಎರಡು ಹೆಬ್ಬೆಟ್ಟನ್ನೂ ಸೇರಿಸಿತು. ನೀವು ಅಲ್ಲಿ ಒತ್ತಿದ್ದು ಪಕ್ಕದ ಮನೆಯವರಿಗೆ ಕಾಣುವುದಿಲ್ಲ, ನಿಮ್ಮ ಪ್ರೊಫೈಲಿಗೆ ಮುಂದೆ ಏನು ತೋರಿಸಬೇಕೆಂದು ತೀರ್ಮಾನಿಸಲು ಅದು ಬಳಕೆಯಾಗುತ್ತದೆ. ಅದು ಅಭಿಪ್ರಾಯ ಹಂಚಿಕೊಂಡಂತೆ ಆಗಲಿಲ್ಲ.

ಪ್ರೈಮ್ ವಿಡಿಯೊದಲ್ಲಿ ಚಿತ್ರದ ವಿವರದ ಜೊತೆ ಕಾಣುವ ಐಎಂಡಿಬಿ ಅಂಕ ಬೇರೆ ಬಗೆಯದು. 1998ರಿಂದ ಐಎಂಡಿಬಿ ಅಮೆಜಾನ್‌ನದ್ದೇ. ಅಲ್ಲಿ ಜನ 1ರಿಂದ 10ರವರೆಗೆ ಕೊಟ್ಟ ಅಂಕಗಳನ್ನು ಕೂಡಿ ಭಾಗಿಸಿ ತೋರಿಸುವುದಿಲ್ಲ. ಕೆಲವು ಮತಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ, ಲೆಕ್ಕದ ವಿಧಾನವನ್ನು ಪೂರ್ತಿ ಬಹಿರಂಗ ಮಾಡುವುದಿಲ್ಲ. ಅಭಿಮಾನಿಗಳು ಒಟ್ಟಾಗಿ ಹತ್ತಕ್ಕೆ ಹತ್ತು, ಎದುರಾಳಿ ಗುಂಪಿನವರು ಹತ್ತಕ್ಕೆ ಒಂದು ಹಾಕಿ ಅಂಕವನ್ನು ಎಳೆದಾಡುವುದನ್ನು ತಡೆಯಲು ಈ ಏರ್ಪಾಡು. ಲೆಟರ್‌ಬಾಕ್ಸ್‌ಡ್‌ನಲ್ಲಿ ಅರ್ಧ ನಕ್ಷತ್ರದಿಂದ ಐದರವರೆಗೆ ಕೊಡಬಹುದು.

ನನ್ನ ಸಲಹೆ: ಮೊದಲು ಬರೆಯಿರಿ, ಅಂಕ ಆಮೇಲೆ. ಅಂಕ ಮೊದಲು ಹಾಕಿದರೆ, ಬರೆಯುವುದೆಲ್ಲ ಆ ಅಂಕವನ್ನು ಸಮರ್ಥಿಸಲು ಹೊರಡುತ್ತದೆ.

ಕನ್ನಡದ ಸಿನಿಮಾ, ಸರಣಿಯಾದರೆ ಪೂರ್ತಿ ನೋಡುವುದಕ್ಕೂ ಒಂದು ಕಾರಣವಿದೆ. ನೆಟ್‌ಫ್ಲಿಕ್ಸ್ 2023ರ ಜೂನ್‌ನಿಂದ "ವೀಕ್ಷಣೆ"ಯನ್ನು ಎಣಿಸುವುದು ಹೀಗೆ: ಜನ ನೋಡಿದ ಒಟ್ಟು ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸುತ್ತಾರೆ. ಅರ್ಧಕ್ಕೆ ಬಿಟ್ಟರೆ ಲೆಕ್ಕಕ್ಕೂ ಅರ್ಧವೇ ಸೇರುತ್ತದೆ. 2024ರ ಜುಲೈನಲ್ಲಿ 'ಏಕಂ' ಎಂಬ ಕನ್ನಡ ಸರಣಿ ದೊಡ್ಡ ಒಟಿಟಿಗಳಲ್ಲಲ್ಲ, ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ಇಂಥವು ನಮ್ಮ ಮೊಬೈಲಿನ ಮುಖಪುಟದಲ್ಲಿ ತಾವಾಗಿ ಬಂದು ನಿಲ್ಲುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದರೇ ಮನೆ ಮುಟ್ಟುವುದು.

ಆರನೆಯ ಹೆಜ್ಜೆ: ಕನ್ನಡದಲ್ಲೇ ಬರೆಯುವುದು

ಮೊಬೈಲಿಗೆ ಗೂಗಲ್ ಕೊಡುವ ಕೀಲಿಮಣೆಯಾದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯಬಹುದು, ಮೈಕ್ ಒತ್ತಿ ಮಾತಾಡಿದರೂ ಬರೆದುಕೊಳ್ಳುತ್ತದೆ. ಮಾತಾಡಿ ಬರೆಸಿದ್ದನ್ನು ಒಮ್ಮೆ ಓದಿ ತಿದ್ದಿ, ಪೂರ್ಣವಿರಾಮಗಳನ್ನು ಕೈಯಾರೆ ಇಡಿ. ಸಾರ್ವಜನಿಕವಾಗಿ ಹಾಕುವುದಾದರೆ ಚಿತ್ರದ ಹೆಸರನ್ನು ಒಮ್ಮೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಹುಡುಕುವವರಿಗೆ ಸಿಗುತ್ತದೆ. ಗ್ರಂಥಸ್ಥ ಕನ್ನಡಕ್ಕೆ ಕಷ್ಟಪಡಬೇಡಿ. "ಚಿತ್ರಕಥೆಯು ಶಿಥಿಲವಾಗಿದೆ" ಎನ್ನುವುದಕ್ಕಿಂತ "ಅವಳು ಯಾಕೆ ವಾಪಸ್ ಬಂದಳು ಅಂತ ಕೊನೆಗೂ ಗೊತ್ತಾಗಲಿಲ್ಲ" ಎನ್ನುವುದು ಹೆಚ್ಚು ಹೇಳುತ್ತದೆ.

ಮನೆಮಂದಿಯೆಲ್ಲ ಕೂತು ನೋಡಬಹುದೇ ಎಂಬುದು ನಮ್ಮ ಕಡೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ. 2021ರ ನಿಯಮಗಳ ಪ್ರಕಾರ ಒಟಿಟಿಗಳು ಯು, ಯು/ಎ 7+, 13+, 16+ ಮತ್ತು ಎ ಎಂದು ಐದು ಬಗೆಯ ವಯೋಗುರುತು ತೋರಿಸಬೇಕು. ಅದನ್ನು ಬರೆದು, ಯಾಕೆ ಆ ಗುರುತು ಬಂದಿದೆ ಎಂದು ನೀವು ಕಂಡದ್ದನ್ನು ಸೇರಿಸಿ. "ರಕ್ತ ಹೆಚ್ಚಿಲ್ಲ, ಆದರೆ ಮಾತು ಬಿರುಸು, ಅಜ್ಜಿ ಜೊತೆ ಕಷ್ಟ." ಇಂಥ ಒಂದು ಸಾಲಿಗೆ ಎಷ್ಟೋ ಮನೆಯವರು ಋಣಿಯಾಗಿರುತ್ತಾರೆ.

ಏಳನೆಯ ಹೆಜ್ಜೆ: ಗೆರೆ ಎಲ್ಲಿದೆ

ಕಟುವಾಗಿ ಬರೆದರೆ ಕೇಸ್ ಹಾಕುತ್ತಾರೇನೋ ಎಂದು ಹಲವರಿಗೆ ಭಯ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಯದ್ದು, ಹಳೆಯ ದಂಡ ಸಂಹಿತೆಯಲ್ಲಿ ಇದು 499 ಆಗಿತ್ತು. ಸಾರ್ವಜನಿಕರ ಮುಂದೆ ಇಟ್ಟ ಕೃತಿಯ ಗುಣದ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದು ಮಾನಹಾನಿಯಲ್ಲ ಎಂದು ಅದರಲ್ಲೇ ವಿನಾಯಿತಿ ಇದೆ. ಕಾನೂನು ಕೊಡುವ ಉದಾಹರಣೆ ಪುಸ್ತಕದ್ದು. ಪುಸ್ತಕ ಓದಿ, ಅದರಲ್ಲಿ ಕಂಡದ್ದರಿಂದ "ಇದು ಮೂರ್ಖ ಪುಸ್ತಕ, ಬರೆದವನು ದುರ್ಬಲ ಮನಸ್ಸಿನವನಿರಬೇಕು" ಎಂದರೆ ವಿನಾಯಿತಿಯ ಒಳಗೆ. "ಅವನು ಲಂಪಟ, ಅವನ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ" ಎಂದರೆ ಹೊರಗೆ. ಮೊದಲನೆಯದರಲ್ಲಿ ಮಾತು ಕೃತಿಯಿಂದ ಹೊರಟಿದೆ, ಎರಡನೆಯದರಲ್ಲಿ ವ್ಯಕ್ತಿಯ ಖಾಸಗಿ ಬದುಕಿನಿಂದ. ನಟಿಯ ಮೈಬಣ್ಣ, ನಟನ ಸಂಸಾರ, ನಿರ್ದೇಶಕರ ಜಾತಿ ಇವ್ಯಾವುವೂ ನೀವು ನೋಡಿದ ಸಿನಿಮಾದೊಳಗೆ ಇಲ್ಲ. ಕಾನೂನಿನ ಮಾತು ಹಾಗಿರಲಿ, ಇಂಥದ್ದನ್ನು ಬರೆಯುವುದು ಸಣ್ಣತನ.

ದೃಶ್ಯದ ತುಣುಕು ಹಾಕುವ ಆಸೆ ಸಹಜ. ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಹಾಗೆಂದು ಹತ್ತು ನಿಮಿಷದ ಕ್ಲೈಮ್ಯಾಕ್ಸ್ ಎತ್ತಿ ಹಾಕುವುದು ವಿಮರ್ಶೆಯಾಗದು. ಒಟಿಟಿ ಆಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚೌಕ ಬರುವುದು ನಿಮ್ಮ ಮೊಬೈಲಿನ ದೋಷವಲ್ಲ, ನಕಲು ತಡೆಯ ಏರ್ಪಾಡು ಅದು. ಹಣವೋ ಉಚಿತ ಚಂದಾದಾರಿಕೆಯೋ ಪಡೆದು ಬರೆದಿದ್ದರೆ ಅದನ್ನು ಮೊದಲೇ ಹೇಳಬೇಕು.

ಎಂಟನೆಯ ಹೆಜ್ಜೆ: ಒಪ್ಪದವರ ಜೊತೆ

ನಿಮಗೆ ಹಿಡಿಸದ್ದು ಇನ್ನೊಬ್ಬರಿಗೆ ಹಿಡಿಸಿದರೆ, ಯಾವ ದೃಶ್ಯ ಎಂದು ಕೇಳಿ. ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿ. ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸದೆ, ಅದರ ಕೆಳಗೆ ಹೊಸದನ್ನು ಬರೆಯಿರಿ. ಅಭಿಮಾನಿಗಳು ಬೈಯಲು ಬಂದರೆ ಒಂದು ಸಲ ಸಮಾಧಾನವಾಗಿ ಉತ್ತರಿಸಿ ಸುಮ್ಮನಿದ್ದುಬಿಡಿ.

ಕೊನೆಯ ಹೆಜ್ಜೆ: ಬರೆಯದವರ ಮಾತು ಬರೆದುಕೊಳ್ಳುವುದು

ಪ್ರತಿ ಮನೆಯಲ್ಲೂ ಎಲ್ಲವನ್ನೂ ನೋಡುವ, ಏನನ್ನೂ ಬರೆಯದ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ. "ಹೆಂಗಿತ್ತಮ್ಮ?" ಎಂದರೆ "ಇತ್ತು" ಅನ್ನುತ್ತಾರೆ. ಪ್ರಶ್ನೆ ಬದಲಿಸಿ ನೋಡಿ. "ಆ ಮನೆಯಲ್ಲಿ ನೀನಿದ್ದಿದ್ದರೆ ಏನು ಮಾಡ್ತಿದ್ದೆ?" "ಯಾರನ್ನ ಕಂಡ್ರೆ ಸಿಟ್ಟು ಬಂತು?" ಕೇಳಿ, ರೆಕಾರ್ಡರ್ ಒತ್ತಿ ಪಕ್ಕಕ್ಕಿಡಿ, ಮಧ್ಯೆ ಬಾಯಿ ಹಾಕಬೇಡಿ. ಬರೆಯುವಾಗ ಅವರ ಮಾತನ್ನು ತಿದ್ದಬೇಡಿ. ಅವರ ಒಪ್ಪಿಗೆ ಪಡೆದೇ ಹಂಚಿ.

ರೊಟ್ಟಿಯ ಮಾತನ್ನು ನಾನು ಹೀಗೆಯೇ ಬರೆದುಕೊಂಡು, ಅಮ್ಮನಿಗೆ ಓದಿ ಹೇಳಿ, ಗುಂಪಿಗೆ ಹಾಕಿದೆ. ಸಂಜೆಯೊಳಗೆ ಮೂರು ಮನೆಯ ಹೆಂಗಸರು ಧ್ವನಿ ಸಂದೇಶ ಕಳಿಸಿದ್ದರು. ಒಬ್ಬರು, ಆ ಒಲೆಗೆ ಹಾಕಿದ್ದ ಸೌದೆ ಹಸಿ ಇತ್ತು, ಅಷ್ಟು ಹೊಗೆಯಲ್ಲಿ ಅವಳು ಒಂದು ಸಲವೂ ಕಣ್ಣು ಒರೆಸಿಕೊಳ್ಳಲಿಲ್ಲ ಎಂದಿದ್ದರು. ಅಮ್ಮ ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿ, "ಆ ಕಂತು ಇನ್ನೊಂದ್ಸಲ ಹಾಕು" ಅಂದರು.